ಕಾಡು ಮರಗೆಣಸು ಅಥವಾ ಸಿಯಾರಾ ರಬ್ಬರ್ ಗಿಡ: ಪದೇ ಪದೇ ಕೇಳುವ ಪ್ರಶ್ನೆಗಳು

ಯಲಬುರ್ಗಾ ತಾಲ್ಲೂಕಿನ ನಮ್ಮ ಮಸಾರಿ ಹೊಲದ ಬದುವಿನಲ್ಲಿ ಕೆಲವು ವರ್ಷಗಳಿಂದ ನಾನು ಈ ಗಿಡವನ್ನು ಬೆಳೆಸುತ್ತಿದ್ದೇನೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಇದು ಪಪ್ಪಾಯಿಯೇ, ಔಡಲವೇ, ಬೂರುಗವೇ ಎಂದು ಕೇಳುತ್ತಾರೆ. ಹೆಸರು ಹೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆ ತಪ್ಪದೆ ‘ಎಕರೆಗೆ ಎಷ್ಟು ಸಿಗುತ್ತದೆ’ ಎಂಬುದೇ ಆಗಿರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ರೈತರೂ ಗಿಡಪ್ರಿಯರೂ ಕೇಳಿದ ಪ್ರಶ್ನೆಗಳನ್ನು, ನನಗೆ ತಿಳಿದ ಮಟ್ಟಿಗಿನ ಉತ್ತರಗಳೊಂದಿಗೆ ಇಲ್ಲಿ ಬರೆದಿದ್ದೇನೆ.

ಇದು ಯಾವ ಗಿಡ? ಮರಗೆಣಸಿಗೂ ಇದಕ್ಕೂ ಏನು ಸಂಬಂಧ?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಮ್ಯಾನಿಹಾಟ್ ಗ್ಲಾಜಿಯೋವಿ. ನಾವು ಉಪವಾಸದ ದಿನ ತಿನ್ನುವ ಸಾಬೂದಾಣಿಯನ್ನು ಯಾವ ಗೆಡ್ಡೆಯ ಪಿಷ್ಟದಿಂದ ತಯಾರಿಸುತ್ತಾರೋ ಆ ಮರಗೆಣಸು ಮ್ಯಾನಿಹಾಟ್ ಎಸ್ಕುಲೆಂಟಾ. ಎರಡೂ ಒಂದೇ ಕುಲದವು, ಎರಡರಲ್ಲಿಯೂ ವರ್ಣತಂತುಗಳ ಸಂಖ್ಯೆ 36, ಆದುದರಿಂದ ಒಂದರ ಪರಾಗದಿಂದ ಇನ್ನೊಂದು ಕಾಯಿ ಕಟ್ಟಲು ಸಾಧ್ಯ. ಮನುಷ್ಯನ ಕೈಯಲ್ಲಿ ಸಾವಿರಾರು ವರ್ಷ ಪಳಗಿದ್ದು ಮರಗೆಣಸು. ಪಳಗದೆ ಕಾಡಿನಲ್ಲಿಯೇ ಉಳಿದದ್ದು ಇದು. ದೊಡ್ಡ ಕುಟುಂಬವನ್ನು ನೋಡಿದರೆ ನಮಗೆ ಚೆನ್ನಾಗಿ ಗೊತ್ತಿರುವ ಔಡಲ, ಜತ್ರೋಪಾ, ಬೇಲಿಯ ಕಳ್ಳಿ, ಕೇರಳದ ಪಾರಾ ರಬ್ಬರ್ ಮರ ಎಲ್ಲವೂ ಇದರ ಬಂಧುಗಳೇ ಆಗಿವೆ.

ಜರ್ಮನ್ ಹೆಸರಿನ ಸ್ವಿಸ್ ಸಸ್ಯಶಾಸ್ತ್ರಜ್ಞ ಮುಲ್ಲರ್ 1874ರಲ್ಲಿ ಇದನ್ನು ವರ್ಣಿಸಿ, ಬ್ರೆಜಿಲಿನಲ್ಲಿ ಉದ್ಯಾನಗಳನ್ನು ರೂಪಿಸುತ್ತಿದ್ದ ಫ್ರೆಂಚ್ ಸಸ್ಯಸಂಗ್ರಾಹಕ ಗ್ಲಾಜಿಯೂ ಅವರ ಹೆಸರನ್ನು ಇಟ್ಟರು. 2001ರಲ್ಲಿ ಬ್ರೆಜಿಲಿನ ಆಲ್ಲೆಮ್ ಎಂಬ ತಜ್ಞರು ಇದನ್ನು ಮ್ಯಾನಿಹಾಟ್ ಕಾರ್ತಜಿನೆನ್ಸಿಸ್ ಎಂಬ ಪ್ರಭೇದದ ಉಪಪ್ರಭೇದವೆಂದು ವರ್ಗೀಕರಿಸಿದ್ದರಿಂದ ಹೊಸ ಪುಸ್ತಕಗಳಲ್ಲಿ ಆ ಹೆಸರೂ ಕಾಣುತ್ತದೆ. ಗಿಡ ಒಂದೇ, ಹೆಸರು ಎರಡು. ‘ಕಾಡು ಮರಗೆಣಸು’ ಎಂಬುದು ನಾನು ತಿಳಿಸಿ ಹೇಳುವ ಅನುಕೂಲಕ್ಕಾಗಿ ಬಳಸುವ ಮಾತು.

ಮರಗೆಣಸಿನಿಂದ ಇದನ್ನು ಬೇರೆಯಾಗಿ ಗುರುತಿಸುವುದು ಹೇಗೆ?

ಎಳೆಯ ಗಿಡದಲ್ಲಿ ಗುರುತಿಸುವುದು ಕಷ್ಟ, ಬೆಳೆದ ಗಿಡದಲ್ಲಿ ಸುಲಭ. ಮರಗೆಣಸು ಆಳೆತ್ತರದ ಅಥವಾ ಅದಕ್ಕಿಂತ ತುಸು ಹೆಚ್ಚು ಎತ್ತರದ, ಕೋಲಿನಂಥ ಕಾಂಡದ ಗಿಡ. ಇದನ್ನು ಕಡಿಯದೆ ಹಾಗೆಯೇ ಬಿಟ್ಟರೆ 6 ಮೀಟರ್ ದಾಟಿ, ಒಳ್ಳೆಯ ನೆಲದಲ್ಲಿ 10 ಮೀಟರಿಗೂ ಮೀರಿ ಮರವಾಗುತ್ತದೆ, ಕಡಿಯುತ್ತಾ ಬಂದರೆ ಪೊದೆಯಾಗಿ ಉಳಿಯುತ್ತದೆ. ತೊಗಟೆಯ ಹೊರಪದರ ಕಾಗದದಂತೆ ಸುಲಿದು ಬರುತ್ತದೆ. ಎಲೆಗೆ 3ರಿಂದ 5 ಹಾಳೆಗಳಿದ್ದು, ಮರಗೆಣಸಿನ ಹಾಳೆಗಳಿಗಿಂತ ಅಗಲವಾಗಿರುತ್ತವೆ. ಎಲೆಯನ್ನು ಮಗುಚಿ ನೋಡಿದರೆ ತೊಟ್ಟು ಸರಿಯಾಗಿ ಅಂಚಿಗೆ ಸೇರದೆ, ಕಮಲದ ಎಲೆಯಲ್ಲಿರುವ ಹಾಗೆ ಅಂಚಿನಿಂದ ಸ್ವಲ್ಪ ಒಳಗೆ ಅಂಟಿಕೊಂಡಿರುವುದು ಕಾಣುತ್ತದೆ. ಇನ್ನೂ ಸಂಶಯವಿದ್ದರೆ ಕಾಯಿಯನ್ನು ನೋಡಬೇಕು: ಮರಗೆಣಸಿನ ಕಾಯಿಗೆ ಆರು ಸಣ್ಣ ರೆಕ್ಕೆಗಳಂಥ ಏಣುಗಳಿರುತ್ತವೆ, ಇದರದು ನುಣುಪಾದ ಗುಂಡು ಕಾಯಿ.

ಬೂರುಗದ ಎಲೆ ಇದರಂತೆ ಕಂಡರೂ ಅದರ ಎಲೆಹಾಳೆಗಳು ಬುಡದವರೆಗೆ ಬಿಡಿಬಿಡಿಯಾಗಿರುತ್ತವೆ ಮತ್ತು ಮುರಿದರೆ ಹಾಲು ಬರುವುದಿಲ್ಲ. ಇದನ್ನು ಎಲ್ಲಿ ಮುರಿದರೂ ಬಿಳಿಯ ಹಾಲು ಸುರಿಯುತ್ತದೆ.

ರಬ್ಬರ್ ಎಂಬ ಹೆಸರು ಏಕೆ ಬಂತು? ಇದು ನಮ್ಮ ದೇಶಕ್ಕೆ ಹೇಗೆ ಬಂತು?

ಸಿಯಾರಾ ಎಂಬುದು ಬ್ರೆಜಿಲಿನ ಈಶಾನ್ಯ ಭಾಗದ ಒಂದು ರಾಜ್ಯ. ಅಮೆಜಾನಿನ ಹಾಗೆ ಅಲ್ಲಿ ದಟ್ಟ ಮಳೆಕಾಡಿಲ್ಲ. ಇರುವುದು ಮುಳ್ಳು, ಕಳ್ಳಿ, ಕುರುಚಲು ಮರಗಳ ಒಣ ಕಾಡು. ಬೇಸಿಗೆಯಲ್ಲಿ ಎಲೆ ಉದುರಿ ಕಾಂಡಗಳೆಲ್ಲ ಬೆಳ್ಳಗೆ ಕಾಣುವುದರಿಂದ ಆ ನಾಡಿನ ಮೂಲನಿವಾಸಿಗಳು ಅದನ್ನು ಕಾಟಿಂಗ, ಅಂದರೆ ಬಿಳಿಯ ಕಾಡು, ಎಂದು ಕರೆದರು. ಈ ಗಿಡದ ಹಾಲಿನಿಂದ ಅಲ್ಲಿನ ಜನ ರಬ್ಬರ್ ತೆಗೆಯುತ್ತಿದ್ದರು.

ಬ್ರಿಟಿಷರಿಗೆ ತಮ್ಮ ವಸಾಹತುಗಳಲ್ಲಿಯೇ ರಬ್ಬರ್ ಬೆಳೆಯುವ ಆಸೆ ಹುಟ್ಟಿದಾಗ, ರಾಬರ್ಟ್ ಕ್ರಾಸ್ ಎಂಬ ತೋಟಗಾರನನ್ನು 1876ರಲ್ಲಿ ಬ್ರೆಜಿಲಿಗೆ ಕಳುಹಿಸಲಾಯಿತು. ಅವನು ತಂದ ಸಿಯಾರಾ ಗಿಡಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಬೆಳೆದು, ಅಲ್ಲಿಂದ ಸಿಂಹಳಕ್ಕೂ ದಕ್ಷಿಣ ಭಾರತಕ್ಕೂ ಬಂದವು. ಇಲ್ಲಿ ಒಂದು ಕಾಕತಾಳೀಯವನ್ನು ಹೇಳದಿರಲಾರೆ. ಅದೇ 1876ರಿಂದ 1878ರವರೆಗೆ ಬಳ್ಳಾರಿ ಸೀಮೆಯನ್ನು ಧಾತು ಸಂವತ್ಸರದ ಬರ ಬಗ್ಗುಬಡಿಯಿತು; 1877ರಿಂದ 1879ರವರೆಗೆ ಸಿಯಾರಾ ರಾಜ್ಯವನ್ನೂ ಅಲ್ಲಿನ ಚರಿತ್ರೆಯಲ್ಲಿ ‘ಮಹಾ ಬರ’ ಎಂದೇ ಕರೆಯುವ ಕ್ಷಾಮ ನುಂಗಿತು. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಎಂಬ ಒಂದೇ ಕಾರಣ ಎರಡು ನಾಡುಗಳ ಮಳೆಯನ್ನೂ ತಡೆದಿತ್ತು. ಆ ಬರವನ್ನು ತಾಳಿಕೊಂಡ ಕಾಡಿನ ಗಿಡ ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಮೊದಲು ಮನಸ್ಸಾದದ್ದು.

ಹಾಗಾದರೆ ರಬ್ಬರ್ ತೆಗೆದು ಹಣ ಮಾಡಬಹುದಲ್ಲವೇ?

ಮಾಡಲಾಗದು. ಈ ಉತ್ತರವನ್ನು ಸುತ್ತಿಬಳಸದೆ ಹೇಳುತ್ತೇನೆ, ಏಕೆಂದರೆ ಈ ಆಸೆಯಲ್ಲಿ ಬೀಜ ಕೇಳುವವರೇ ಹೆಚ್ಚು.

ರಬ್ಬರಿನ ಗುಣ ಕೆಟ್ಟದ್ದಲ್ಲ, ಆದರೆ ಪ್ರಮಾಣ ಕಡಿಮೆ. ಹಾಲು ತೊಗಟೆಯ ಮೇಲೆಯೇ ಹೆಪ್ಪುಗಟ್ಟುವುದರಿಂದ ಪಾರಾ ರಬ್ಬರಿನಂತೆ ಬಟ್ಟಲಿಗೆ ಹರಿಸಿಕೊಳ್ಳುವುದು ಸುಲಭವಲ್ಲ. ಇದನ್ನು ದೊಡ್ಡದಾಗಿ ನಂಬಿದವರು ಇಂದಿನ ತಾಂಜಾನಿಯಾವನ್ನು ಆಳುತ್ತಿದ್ದ ಜರ್ಮನರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಬ್ಬರಿನ ಬೆಲೆ ಗಗನಕ್ಕೇರಿದಾಗ ಅವರು ಅಲ್ಲಿ ವಿಶಾಲವಾದ ಸಿಯಾರಾ ತೋಟಗಳನ್ನು ಎಬ್ಬಿಸಿದರು; ಮಲಯ, ಸಿಂಹಳಗಳ ಪಾರಾ ರಬ್ಬರ್ ಮಾರುಕಟ್ಟೆಗೆ ಬಂದು 1913ರಲ್ಲಿ ಬೆಲೆ ಕುಸಿದಾಗ ಆ ತೋಟಗಳೆಲ್ಲ ಹಾಳುಬಿದ್ದವು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಮಲಯವನ್ನು ಹಿಡಿದುಕೊಂಡು ರಬ್ಬರಿಗೆ ತತ್ವಾರವಾದಾಗ ಹಾಳುಬಿದ್ದ ಆ ಮರಗಳಿಂದ ಮತ್ತೆ ಹಾಲು ತೆಗೆದರು, ಯುದ್ಧ ಮುಗಿದ ಮೇಲೆ ಮತ್ತೆ ಬಿಟ್ಟರು. ಬೇರೆ ಏನೂ ಸಿಗದಾಗ ಮಾತ್ರ ನೆನಪಾಗುವ ರಬ್ಬರ್ ಇದು.

ನಮ್ಮ ಕಡೆಯವರಿಗೆ ಹತ್ತಿರದ ಪಾಠವೆಂದರೆ ಜತ್ರೋಪಾ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬಯೋಡೀಸೆಲ್ ಹೆಸರಿನಲ್ಲಿ ದೇಶದ ಎಲ್ಲೆಡೆ ಅದನ್ನು ನೆಡಿಸಿದರು, ‘ನೀರು ಬೇಡ, ಗೊಬ್ಬರ ಬೇಡ’ ಎಂದರು. ನೀರು ಗೊಬ್ಬರ ಇಲ್ಲದೆ ಗಿಡ ಬದುಕಿತು, ಕಾಯಿ ಮಾತ್ರ ಬಿಡಲಿಲ್ಲ. ಬದುಕುವುದು ಬೇರೆ, ಫಲ ಕೊಡುವುದು ಬೇರೆ. ಬಂಧುವಾದ ಈ ಗಿಡದ ವಿಷಯದಲ್ಲಿಯೂ ಅದೇ ಮಾತನ್ನು ಯಾರಾದರೂ ಹೇಳಿ ಸಸಿ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಮತ್ತೆ ಯಾಕೆ ಬೆಳೆಸಬೇಕು?

ಬದುವಿಗೆ, ಮನೆಯ ಹಿತ್ತಿಲಿಗೆ, ಕಲ್ಲುಗುಡ್ಡದ ಅಂಚಿಗೆ ಬೇಗ ಬೆಳೆದು ನೆರಳು ಕೊಡುವ ಗಿಡ ಬೇಕೆನ್ನುವವರಿಗೆ ಇದು ಒಗ್ಗುತ್ತದೆ. ಅಗಲವಾದ ಎಲೆಗಳು ನೋಡಲು ಚೆಂದ, ಹೂವಿಗೆ ಜೇನುನೊಣಗಳು ಬರುತ್ತವೆ. ಉಳಿದಂತೆ ಇದು ಕುತೂಹಲದ ಗಿಡ; ಕುತೂಹಲಕ್ಕೂ ಹೊಲದ ಬದುವಿನಲ್ಲಿ ಒಂದಿಷ್ಟು ಜಾಗ ಇರಬೇಕೆಂದು ನನ್ನ ಅಭಿಪ್ರಾಯ.

ನಮ್ಮ ಹವೆ ಮತ್ತು ಮಣ್ಣಿಗೆ ಇದು ಹೊಂದುತ್ತದೆಯೇ?

ಹವೆಗೆ ಚೆನ್ನಾಗಿ ಹೊಂದುತ್ತದೆ, ಮಣ್ಣಿಗೆ ಎಲ್ಲ ಕಡೆ ಹೊಂದುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿಯೂ ನಡುವೆ ಕೈಕೊಡುವ ಮಳೆ, 40 ಡಿಗ್ರಿ ದಾಟುವ ಬೇಸಿಗೆ, ಹಿಮ ಬೀಳದ ಚಳಿಗಾಲ ಎಂಬ ನಮ್ಮ ಲೆಕ್ಕ ಇದರ ತವರಿನ ಲೆಕ್ಕಕ್ಕೆ ಬಹಳ ದೂರವಿಲ್ಲ.

ಮಣ್ಣಿನ ವಿಷಯದಲ್ಲಿ ಒಂದೇ ಷರತ್ತು ಇದೆ: ಬೇರಿನಲ್ಲಿ ನೀರು ನಿಲ್ಲಬಾರದು. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಕಡೆಯ ಮಸಾರಿ ನೆಲ, ಗರಸು ಬೆರೆತ ಕೆಂಪು ನೆಲ, ಆನೆಗೊಂದಿ ಸುತ್ತಿನ ಬಂಡೆಗಳ ಸಂದಿಯ ಮಣ್ಣು, ಸಂಡೂರಿನ ಗುಡ್ಡದ ಇಳಿಜಾರು ಇವೆಲ್ಲ ಇದಕ್ಕೆ ಹಿಡಿಸುತ್ತವೆ. ಎರಿ ಹೊಲದಲ್ಲಿ ಮಳೆಗಾಲದ ತೇವ ಬಹಳ ದಿನ ನಿಂತು, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುವುದರಿಂದ ಅಲ್ಲಿ ನೆಡಲೇಬೇಕಾದರೆ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಗಂಗಾವತಿ, ಸಿಂಧನೂರು, ಮಾನ್ವಿಯ ಕಾಲುವೆ ಕೆಳಗಿನ ಭತ್ತದ ಗದ್ದೆಗಳ ಅಂಚಿನಲ್ಲಿ, ಮುಖ್ಯವಾಗಿ ಸವಳು ಜವಳು ಹಿಡಿದ ನೆಲದಲ್ಲಿ, ಇದರ ಪ್ರಯತ್ನ ಬೇಡ.

ಬೀಜ ಊರಿ ತಿಂಗಳುಗಳಾದರೂ ಮೊಳೆತಿಲ್ಲ. ಬೀಜ ಜೊಳ್ಳೇ?

ಬಹುಶಃ ಜೊಳ್ಳಲ್ಲ. ನಾನೂ ಮೊದಲ ಸಲ ಹಾಗೆಯೇ ತಿಳಿದು ಮಡಿಯನ್ನು ಅಗೆದು ಬದನೆ ಸಸಿ ಹಾಕಿದೆ. ಮರು ವರ್ಷದ ಮಳೆಗೆ ಬದನೆಯ ನಡುವೆ ಎರಡು ಸಿಯಾರಾ ಸಸಿಗಳು ಎದ್ದು ನಿಂತಿದ್ದವು.

ಔಡಲದ ಬೀಜದಂತೆ ಮಚ್ಚೆಗಳಿರುವ ಈ ಬೀಜದ ಸಿಪ್ಪೆ ಬಹಳ ಗಟ್ಟಿ, ಮತ್ತು ನೀರನ್ನು ಒಳಗೆ ಬಿಡುವುದಿಲ್ಲ. ಒಣ ಕಾಡಿನಲ್ಲಿ ಒಂದು ಅಡ್ಡಾದಿಡ್ಡಿ ಮಳೆಗೆ ಎಲ್ಲ ಬೀಜವೂ ಒಮ್ಮೆಗೇ ಮೊಳೆತು, ಆಮೇಲೆ ಮಳೆ ಹೋಗಿ ಎಲ್ಲವೂ ಒಣಗಿದರೆ ವಂಶವೇ ಉಳಿಯದು. ಆದ್ದರಿಂದ ಸಿಪ್ಪೆ ಸವೆದಷ್ಟು ಸವೆದಷ್ಟು ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಎಂಬಂತೆ ಮೊಳೆಯುವ ಏರ್ಪಾಡು ಅದು. ನಮಗೆ ಅಷ್ಟು ಕಾಯುವ ವ್ಯವಧಾನವಿಲ್ಲವಾದ್ದರಿಂದ ಆ ಸವೆತವನ್ನು ನಾವೇ ಮಾಡಬೇಕಾಗುತ್ತದೆ.

ಮೊದಲು ಬೀಜವನ್ನು ನೀರಿಗೆ ಹಾಕಿ, ತೇಲಿದ್ದನ್ನು ತೆಗೆದುಬಿಡಿ. ಮುಳುಗಿದ ಬೀಜವನ್ನು ಒರೆಸಿ, ಔಡಲದ ಬೀಜಕ್ಕಿರುವಂತೆ ಸಣ್ಣ ಗಂಟು ಇರುವ ತುದಿಯನ್ನು ಗುರುತಿಸಿಕೊಳ್ಳಿ. ಮೊಳಕೆ ಹೊರಡುವುದು ಅಲ್ಲಿಂದಲೇ. ಆ ತುದಿಯ ಎರಡೂ ಪಕ್ಕದ ಅಂಚುಗಳನ್ನು ಕಬ್ಬಿಣದ ಅರದಿಂದಲೋ ಒರಟಾದ ಕಲ್ಲಿನ ಮೇಲೆಯೋ, ಒಳಗಿನ ಬಿಳಿ ತಿರುಳು ಕೂದಲೆಳೆಯಷ್ಟು ಕಾಣುವ ತನಕ ಮಾತ್ರ ಉಜ್ಜಬೇಕು. ತುದಿಯನ್ನೇ ಉಜ್ಜಿದರೆ ಮೊಳಕೆ ಸಾಯುತ್ತದೆ, ಪಕ್ಕವನ್ನು ಹೆಚ್ಚು ಉಜ್ಜಿದರೆ ಬೀಜ ಕೊಳೆಯುತ್ತದೆ. ಆಮೇಲೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳು ಮತ್ತು ಕೆಂಪು ಮಣ್ಣು ಸಮನಾಗಿ ಬೆರೆಸಿದ ಪಾಲಿಥಿನ್ ಚೀಲಗಳಲ್ಲಿ ಒಂದು ಅಂಗುಲ ಆಳಕ್ಕೆ ಅಡ್ಡಲಾಗಿ ಊರಿ. ಬೆಚ್ಚನೆಯ ಮಣ್ಣು ಇದಕ್ಕೆ ಬೇಕೇ ಬೇಕು, ಅದಕ್ಕೆ ಏಪ್ರಿಲ್ ತಿಂಗಳು ನಮ್ಮಲ್ಲಿ ಹೇಳಿ ಮಾಡಿಸಿದಂತಿದೆ. ಹೀಗೆ ಉಜ್ಜಿದ ಬೀಜಗಳು ನನ್ನಲ್ಲಿ ಎರಡು ಮೂರು ವಾರಗಳಲ್ಲಿ ತಲೆ ಎತ್ತಿವೆ. ಏಪ್ರಿಲಿನಲ್ಲಿ ಊರಿದರೆ ರೋಹಿಣಿ ಕಳೆದು ಮಿರಗದ ಮಳೆ ಬೀಳುವ ಹೊತ್ತಿಗೆ ಸಸಿ ನೆಡಲು ಸಿದ್ಧವಾಗಿರುತ್ತದೆ.

ಮರಗೆಣಸಿನಂತೆ ಕಡ್ಡಿ ನೆಟ್ಟರೆ ಬರುವುದಿಲ್ಲವೇ?

ಬರುತ್ತದೆ. ಹೆಬ್ಬೆರಳಿಗಿಂತ ದಪ್ಪನಾದ, ಹಸಿರು ಹೋಗಿ ಬೂದು ಬಣ್ಣಕ್ಕೆ ತಿರುಗಿದ ಬಲಿತ ರೆಂಬೆಯನ್ನು ಒಂದರಿಂದ ಒಂದೂವರೆ ಅಡಿ ಉದ್ದಕ್ಕೆ ಕತ್ತರಿಸಿ, ಹಾಲು ಒಸರುವುದು ನಿಂತು ಗಾಯ ಆರುವವರೆಗೆ ಎರಡು ಮೂರು ದಿನ ನೆರಳಿನಲ್ಲಿ ಬಿಟ್ಟು, ಮೂರನೆಯ ಒಂದು ಭಾಗ ಮಣ್ಣಿನಲ್ಲಿರುವಂತೆ ನೆಡಬೇಕು. ಯಾವ ತುದಿ ಮೇಲಿತ್ತೋ ಅದೇ ಮೇಲಿರಬೇಕು. ನಗಬೇಡಿ, ಎಲೆಯಿಲ್ಲದ ಕಾಲದಲ್ಲಿ ಕಡ್ಡಿ ತಂದು ತಲೆಕೆಳಗಾಗಿ ನೆಟ್ಟವರಿದ್ದಾರೆ. ಆದರೆ ಕಡ್ಡಿಯಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಬೀಜದ ಗಿಡ ಬಂಡೆಯ ಸಂದಿಯಲ್ಲಿಯೂ ಬೇರು ಇಳಿಸಿ ನಿಂತರೆ, ಕಡ್ಡಿಯ ಗಿಡ ಬೇಸಿಗೆಯ ಕೊನೆಯಲ್ಲಿ ಬೀಸುವ ಗಾಳಿಮಳೆಗೆ ಬುಡಸಹಿತ ಮಗುಚುತ್ತದೆ. ಹಿತ್ತಿಲಿಗೆ ಕಡ್ಡಿ ಸಾಕು, ಬಯಲಿಗೆ ಬೀಜವೇ ಮೇಲು.

ನೆಟ್ಟ ಮೇಲೆ ಆರೈಕೆ ಏನು?

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ ನೆಡಬೇಕು. ಹಿಂಡಿ ಗೊಬ್ಬರಕ್ಕಿಂತ ಗೆದ್ದಲಿನ ಸಲುವಾಗಿ. ನಮ್ಮ ಮಸಾರಿಯಲ್ಲಿ ಎಳೆ ಸಸಿಯ ಮೊದಲ ವೈರಿ ಬಿಸಿಲಲ್ಲ, ಗೆದ್ದಲು. ಸಾಲಿನಲ್ಲಿ ನೆಡುವುದಾದರೆ ಗಿಡದಿಂದ ಗಿಡಕ್ಕೆ 3 ಮೀಟರ್ ಬಿಡಿ. ಮೊದಲ ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕಿ, ಬುಡಕ್ಕೆ ಶೇಂಗಾ ಹೊಟ್ಟನ್ನೋ ಜೋಳದ ಕಣಿಕೆಯ ತುಂಡನ್ನೋ ಹಾಸಿದರೆ ಸಾಕು. ಎರಡನೆಯ ವರ್ಷದಿಂದ ನಾನು ನೀರು ಕೊಟ್ಟಿಲ್ಲ.

ಇದರ ರೆಂಬೆಗಳು ಬಹಳ ಪೆಡಸು, ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಆದ್ದರಿಂದ ಗಿಡ ಎದೆಯೆತ್ತರಕ್ಕೆ ಬಂದಾಗ ತುದಿ ಚಿವುಟಿ, ಮೂರು ನಾಲ್ಕು ಕವಲೊಡೆಸಿ, ವರ್ಷಕ್ಕೊಮ್ಮೆ ಎಲೆಯಿಲ್ಲದ ಕಾಲದಲ್ಲಿ ಸವರಿ ಗಿಡ್ಡವಾಗಿ ಇಡುವುದು ಒಳ್ಳೆಯದು. ಮನೆಯ ತಗಡಿನ ಮೇಲೆ, ವಿದ್ಯುತ್ ತಂತಿಯ ಕೆಳಗೆ ಬೆಳೆಸಬಾರದು. ಕತ್ತರಿಸುವಾಗ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ.

ಫೆಬ್ರುವರಿಯಲ್ಲಿ ಎಲೆಯೆಲ್ಲ ಉದುರಿತು. ಗಿಡ ಸತ್ತಿತೇ?

ಇಲ್ಲ. ಬಿಳಿಯ ಕಾಡಿನ ಗಿಡವೆಂದು ಮೊದಲೇ ಹೇಳಿದೆನಲ್ಲ, ಬರಗಾಲದಲ್ಲಿ ಎಲೆ ಉದುರಿಸಿ ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟದ್ದನ್ನು ಉಂಡು ಮಲಗುವುದು ಇದರ ಪದ್ಧತಿ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಆ ಹೊತ್ತಿನಲ್ಲಿ ಕನಿಕರದಿಂದ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ.

ಕುರಿ, ಆಡು, ದನ ತಿಂದರೆ ಏನಾಗುತ್ತದೆ?

ಈ ಬರಹದಲ್ಲಿ ಬೇರೆಲ್ಲವನ್ನು ಮರೆತರೂ ಈ ಉತ್ತರವನ್ನು ಮರೆಯಬಾರದು. ತಿಂದರೆ ಸಾಯಬಹುದು.

ಮರಗೆಣಸಿನ ಕುಲದ ಎಲ್ಲ ಗಿಡಗಳ ಎಲೆ, ತೊಗಟೆ, ಗೆಡ್ಡೆಗಳಲ್ಲಿ ಲಿನಮರಿನ್ ಎಂಬ ವಸ್ತು ಇರುತ್ತದೆ. ತನ್ನಷ್ಟಕ್ಕೆ ಅದು ಸುಮ್ಮನೆ ಇರುತ್ತದೆ. ಎಲೆಯನ್ನು ಅಗಿದಾಗ, ಜಜ್ಜಿದಾಗ, ಅದೇ ಎಲೆಯ ಬೇರೊಂದು ಮೂಲೆಯಲ್ಲಿರುವ ಕಿಣ್ವ ಅದರೊಡನೆ ಬೆರೆತು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ನಮ್ಮ ಕುರಿಗಾರರಿಗೆ ಈ ಸಂಗತಿ ಹೊಸದಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿಗೆ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳಕ್ಕೆ ನುಗ್ಗಿದ ದನ ಹೊಟ್ಟೆ ಉಬ್ಬರಿಸಿ, ಉಸಿರುಗಟ್ಟಿ ಬಿದ್ದು ಸಾಯುವುದನ್ನು ಅವರು ನೋಡಿದ್ದಾರೆ. ಜೋಳದಲ್ಲಿರುವ ವಸ್ತುವಿನ ಹೆಸರು ಬೇರೆ, ಕೊನೆಯಲ್ಲಿ ಹೊರಡುವ ವಿಷ ಅದೇ ಸಯನೈಡ್. ಎಳೆ ಜೋಳದ ಹೊಲದಿಂದ ಹಿಂಡನ್ನು ಹೇಗೆ ದೂರ ಇಡುತ್ತಾರೋ ಇದರಿಂದಲೂ ಹಾಗೆಯೇ ಇಡಬೇಕು.

ಆದುದರಿಂದ ಹಿಂಡುಗಳು ಹಾಯುವ ದಾರಿಯ ಬದಿಗೆ, ಹಟ್ಟಿಯ ಹತ್ತಿರ, ಕುರಿ ನಿಲ್ಲಿಸುವ ಹೊಲದ ಅಂಚಿಗೆ ಇದನ್ನು ನೆಡಬೇಡಿ. ಸವರಿದ ರೆಂಬೆಗಳನ್ನು ದಾರಿಗೆ ಎಸೆಯದೆ ಆಡುಗಳು ಮುಟ್ಟದ ಕಡೆ ಒಣಗಿಸಿ ಸುಡಿ ಅಥವಾ ಹೂಳಿ. ಕುರಿಗಾರರಿಗೆ ಮೊದಲೇ ತೋರಿಸಿ ಹೇಳಿ. ನಮ್ಮ ಊರಿಗೆ ಪ್ರತಿ ವರ್ಷ ಬರುವ ಹಿಂಡಿನ ಹಿರಿಯರೊಬ್ಬರಿಗೆ ನಾನು ತೋರಿಸಿದಾಗ ಅವರು ಎಲೆ ಮುರಿದು, ಹಾಲು ನೋಡಿ, ‘ಇದನ್ನ ಯಾಕ ಹಚ್ಚೀರಿ ಯಜಮಾನ್ರ’ ಎಂದಷ್ಟೇ ಕೇಳಿದರು. ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಆ ವರ್ಷವೇ ಬದುವಿಗೆ ಮುಳ್ಳಿನ ಬೇಲಿ ಹಾಕಿಸಿದೆ. ಪ್ರಾಣಿ ತಿಂದುಬಿಟ್ಟಿದ್ದರೆ ಮನೆಮದ್ದಿಗೆ ಸಮಯ ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಸೋಡಿಯಂ ಥಯೋಸಲ್ಫೇಟ್ ಮತ್ತು ಸೋಡಿಯಂ ನೈಟ್ರೈಟ್ ಇದಕ್ಕೆ ಕೊಡುವ ಚುಚ್ಚುಮದ್ದುಗಳು. ಬೇಗ ಕೊಟ್ಟರೆ ಮಾತ್ರ ಫಲ.

ಆಫ್ರಿಕಾದಲ್ಲಿ ಇದರ ಎಲೆಯನ್ನು ಪಲ್ಯ ಮಾಡಿ ತಿನ್ನುತ್ತಾರಂತೆ, ನಿಜವೇ?

ನಿಜ. ತಾಂಜಾನಿಯಾದಲ್ಲಿ ಮರಗೆಣಸಿನ ಸೊಪ್ಪಿಗೆ ಕಿಸಾಂವು ಎನ್ನುತ್ತಾರೆ. ಈ ಗಿಡದ ಸೊಪ್ಪಿಗೆ ‘ರಬ್ಬರಿನ ಕಿಸಾಂವು’ ಎಂಬ ಹೆಸರಿದೆ. ಅವರು ಎಳೆ ಎಲೆಯನ್ನು ಒನಕೆಯಿಂದ ನುಣ್ಣಗೆ ಕುಟ್ಟಿ, ಬಹಳ ಹೊತ್ತು ತೆರೆದ ಪಾತ್ರೆಯಲ್ಲಿ ಕುದಿಸುತ್ತಾರೆ. ಕುಟ್ಟಿದಾಗ ವಿಷವೆಲ್ಲ ಹೊರಡುತ್ತದೆ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಗೇ ಕುದಿದು ಆವಿಯಾಗುವುದರಿಂದ ಬೇಯುವಾಗ ಹಾರಿಹೋಗುತ್ತದೆ. ಕುಟ್ಟದೆ ಇಡಿಯಾಗಿ ಬೇಯಿಸಿದರೆ ಕಿಣ್ವ ಮೊದಲು ಸತ್ತು ಲಿನಮರಿನ್ ಹಾಗೆಯೇ ಉಳಿಯುತ್ತದೆ. ತಲೆಮಾರುಗಳ ಕೈ ಅಭ್ಯಾಸ ಅದು. ಪುಂಡಿಪಲ್ಯ, ರಾಜಗಿರಿ, ಹಕ್ಕರಕಿ ಇರುವ ನಾಡಿನಲ್ಲಿ ಈ ಅಪಾಯವನ್ನು ಕೈಯಾರೆ ತಂದುಕೊಳ್ಳುವ ಅಗತ್ಯವಿಲ್ಲ, ನಾನಂತೂ ತಿಂದಿಲ್ಲ. ಗೆಡ್ಡೆಯ ವಿಷಯಕ್ಕೆ ಬಂದರೆ, ಎಳೆ ಗಿಡದ ಬೇರು ಗೆಡ್ಡೆಯಂತೆ ದಪ್ಪಗಾಗುವುದು ನಿಜ. ಅದು ನಾರು, ಕಹಿ ಮತ್ತು ವಿಷ.

ರೋಗ, ಕೀಟ ಬರುತ್ತವೆಯೇ?

ನನ್ನ ಗಿಡಗಳಿಗೆ ಹೆಚ್ಚು ಕಾಟ ಕೊಟ್ಟದ್ದು ಹಿಟ್ಟು ತಿಗಣೆ. ಮೆಕ್ಸಿಕೋ ಮೂಲದ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯಿ, ಹಿಪ್ಪುನೇರಳೆ, ಹತ್ತಿ, ಮರಗೆಣಸುಗಳನ್ನೆಲ್ಲ ಹಿಡಿಯಿತು. ಮರಗೆಣಸಿನದೇ ಆದ ಇನ್ನೊಂದು ಹಿಟ್ಟು ತಿಗಣೆ 2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಪತ್ತೆಯಾಯಿತು. ಅದನ್ನು ಹತ್ತಿಕ್ಕಲು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಆಫ್ರಿಕಾದ ಬೆನಿನ್ ದೇಶದಿಂದ ಒಂದು ಪುಟ್ಟ ಪರಾವಲಂಬಿ ಕಣಜವನ್ನು ತರಿಸಿ 2022ರಲ್ಲಿ ತಮಿಳುನಾಡಿನ ಮರಗೆಣಸು ಹೊಲಗಳಲ್ಲಿ ಬಿಟ್ಟಿತು. ಇದರಿಂದ ನಮಗೆ ತಿಳಿಯಬೇಕಾದ್ದು ಇಷ್ಟೇ: ಆ ಕಡೆಯ ಹೊಲಗಳಿಂದ ಕಡ್ಡಿ ಕಿತ್ತು ತರಬೇಡಿ. ಒಂದೆರಡು ಗಿಡಕ್ಕೆ ತಗುಲಿದರೆ ಆ ತುದಿಗಳನ್ನು ಕತ್ತರಿಸಿ ಸುಟ್ಟು, ಉಳಿದದ್ದಕ್ಕೆ ಜೋರಾಗಿ ನೀರು ಹೊಡೆದು, ಬೇವಿನೆಣ್ಣೆ ಸಾಬೂನಿನ ದ್ರಾವಣ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಕಾಡು ಗಿಡದ ಮೇಲೆ ವಿಜ್ಞಾನಿಗಳಿಗೆ ಇಷ್ಟು ಆಸಕ್ತಿ ಏಕೆ?

ಮರಗೆಣಸಿಗೆ ಮೊಸಾಯಿಕ್ ಎಂಬ ನಂಜುರೋಗವಿದೆ. ಎಲೆ ಹಳದಿ ಹಸಿರು ಮಚ್ಚೆಗಟ್ಟಿ, ಸುರುಟಿ, ಗೆಡ್ಡೆ ಸಣ್ಣದಾಗುತ್ತದೆ. ಅದನ್ನು ಹರಡುವುದು ರಾಯಚೂರು, ಬಳ್ಳಾರಿಯ ಹತ್ತಿ ಬೆಳೆಗಾರರು ಚೆನ್ನಾಗಿ ಬಲ್ಲ ಬಿಳಿನೊಣ. ಪೂರ್ವ ಆಫ್ರಿಕಾದಲ್ಲಿ ಈ ರೋಗ ಹಸಿವಿಗೇ ಕಾರಣವಾಗುತ್ತಿದ್ದ ಕಾಲದಲ್ಲಿ, ತಾಂಜಾನಿಯಾದ ಅಮಾನಿ ಸಂಶೋಧನಾ ಕೇಂದ್ರದ ಸ್ಟೋರಿ ಮತ್ತು ನಿಕೋಲ್ಸ್ ಎಂಬ ವಿಜ್ಞಾನಿಗಳು 1930ರ ದಶಕದಲ್ಲಿ ಮರಗೆಣಸನ್ನು ಈ ಕಾಡು ಬಂಧುವಿನೊಂದಿಗೆ ಸಂಕರ ಮಾಡಿದರು. ಮೊದಲ ಸಂಕರದ ಮಕ್ಕಳಿಗೆ ರೋಗ ತಡೆಯುವ ಶಕ್ತಿ ಬಂತು, ಗೆಡ್ಡೆ ಬರಲಿಲ್ಲ. ಅವನ್ನು ಮತ್ತೆ ಮತ್ತೆ ಮರಗೆಣಸಿನೊಂದಿಗೇ ಕೂಡಿಸುತ್ತಾ ಹೋಗಿ, ಗೆಡ್ಡೆಯನ್ನೂ ತಾಳಿಕೆಯನ್ನೂ ಒಂದೇ ಗಿಡದಲ್ಲಿ ಪಡೆದರು. ಅಲ್ಲಿಂದ ನೈಜೀರಿಯಾಕ್ಕೆ ಹೋದ ಬೀಜದಿಂದ ಆಯ್ದ ತಳಿಯೊಂದು 1970ರ ದಶಕದಲ್ಲಿ ಇಬಾದಾನಿನ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಪ್ರಸಿದ್ಧ ತಳಿಗಳಿಗೆ ತಾಯಿಯಾಯಿತು. ರಬ್ಬರಿಗಾಗಿ ನೆಟ್ಟು ಕೈಸುಟ್ಟುಕೊಂಡ ನೆಲದಲ್ಲಿಯೇ ಈ ಗಿಡ ಅನ್ನದ ದಾರಿಯಿಂದ ಉಪಕಾರಕ್ಕೆ ಬಂದದ್ದು ವಿಚಿತ್ರವಾದರೂ ನಿಜ.

ಮರಗೆಣಸಿಗೆ ಇದನ್ನು ಕಸಿ ಕಟ್ಟಿದರೆ ದೊಡ್ಡ ಗೆಡ್ಡೆ ಬರುತ್ತದೆಯೇ?

ಬರುತ್ತದೆ. ಇದನ್ನು ಕಂಡುಕೊಂಡವರು ವಿಜ್ಞಾನಿಯಲ್ಲ, 1950ರ ದಶಕದಲ್ಲಿ ಪೂರ್ವ ಜಾವಾದಲ್ಲಿದ್ದ ಮುಕಿಬಾತ್ ಎಂಬ ರೈತ. ಪದ್ಧತಿಗೂ ಅವರ ಹೆಸರೇ ನಿಂತಿದೆ. ಕೆಳಗೆ ಮರಗೆಣಸಿನ ಕಾಂಡ, ಮೇಲೆ ಈ ಗಿಡದ ತುದಿ. ಮೇಲಿನ ಮರ ಹೆಚ್ಚು ಎಲೆ ಹೊತ್ತು, ಹೆಚ್ಚು ಕಾಲ ಹಸಿರಾಗಿದ್ದು ದುಡಿಯುತ್ತದೆ, ಕೆಳಗಿನ ಗೆಡ್ಡೆ ಉಣ್ಣುತ್ತದೆ. ಎರಡೂ ಒಂದೇ ದಪ್ಪದ ಕಡ್ಡಿಗಳಾಗಿರಬೇಕು, ಓರೆಯಾಗಿ ಕೊಯ್ದು ತೊಗಟೆಗೆ ತೊಗಟೆ ಕೂಡುವಂತೆ ಜೋಡಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಮಾವಿನ ಕಸಿ ಬಲ್ಲವರಿಗೆ ಇದು ಕಷ್ಟವಲ್ಲ. ಆದರೆ ಮರಗೆಣಸು ಎಂಟು ಹತ್ತು ತಿಂಗಳ ಬೆಳೆ; ನಮ್ಮಲ್ಲಿ ನೀರಿಲ್ಲದೆ ಅದು ಬಾರದು, ಬಂದರೂ ಕೊಳ್ಳುವ ಸಾಬೂದಾಣಿ ಕಾರ್ಖಾನೆಗಳಿರುವುದು ದೂರದ ಸೇಲಂನಲ್ಲಿ. ಹಿತ್ತಿಲಿನಲ್ಲಿ ಎರಡು ಗಿಡ ಕಟ್ಟಿ ನೋಡುವುದಾದರೆ ಸಂತೋಷ. ಗೆಡ್ಡೆಯ ಮರಗೆಣಸು ಸಿಹಿ ತಳಿಯದೇ ಎಂದು ಖಚಿತ ಮಾಡಿಕೊಂಡು, ಸಿಪ್ಪೆ ಪೂರ್ತಿ ತೆಗೆದು, ಚೆನ್ನಾಗಿ ಬೇಯಿಸಿ, ನೀರು ಬಸಿದು ತಿನ್ನಬೇಕು.

ತಾನಾಗಿ ಹರಡಿ ಬಳ್ಳಾರಿ ಜಾಲಿಯಂತೆ ಕಾಟವಾಗುವುದಿಲ್ಲವೇ?

ಈ ಭಯ ಸರಿಯಾದದ್ದೇ. ಊರಿನ ಹೆಸರನ್ನೇ ಹೊತ್ತ ಜಾಲಿಯಿಂದ ಪೆಟ್ಟು ತಿಂದವರು ಪ್ರತಿಯೊಂದು ಪರದೇಶಿ ಗಿಡವನ್ನೂ ಹೀಗೆ ಕೇಳಲೇಬೇಕು. ಬಿಸಿಲಿಗೆ ಒಣಗಿದ ಕಾಯಿ ಪಟ್ಟನೆ ಸಿಡಿದು ಬೀಜವನ್ನು ಕೆಲವು ಮೀಟರ್ ದೂರ ಎಸೆಯುತ್ತದೆ, ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದಿರುತ್ತದೆ. ಜಾಲಿಯ ಬೀಜವನ್ನು ಆಡು ಕುರಿಗಳು ಊರೂರಿಗೆ ಹೊತ್ತೊಯ್ದಂತೆ ಇದರ ಬೀಜವನ್ನು ಹೊರುವವರಿಲ್ಲವಾದ್ದರಿಂದ ನನ್ನ ಹೊಲದಲ್ಲಿ ಇದು ತಾಯಿಗಿಡದ ಸುತ್ತಲೇ ಹುಟ್ಟಿದೆ. ಆದರೂ ಕಾಯಿ ಹಸಿರಿದ್ದಾಗಲೇ ಗೊನೆಗಳನ್ನು ಕತ್ತರಿಸಿ, ಹುಟ್ಟಿದ ಸಸಿಯನ್ನು ಗೇಣುದ್ದವಿರುವಾಗಲೇ ಕಿತ್ತು ಹಾಕುವುದನ್ನು ನಾನು ತಪ್ಪಿಸುವುದಿಲ್ಲ. ಹಳ್ಳದ ದಂಡೆಗೆ, ಅರಣ್ಯದ ಅಂಚಿಗೆ ಇದನ್ನು ನೆಡಬಾರದು.

ಸೌದೆಗೆ, ಮರಮುಟ್ಟಿಗೆ ಆಗುತ್ತದೆಯೇ?

ಆಗುವುದಿಲ್ಲ. ಮೆದು ಮರ, ಒಳಗೆ ಬೆಂಡು.

ಬೀಜವನ್ನು ಹೊರದೇಶದಿಂದ ಅಂಚೆಯಲ್ಲಿ ತರಿಸಬಹುದೇ?

ಸುಮ್ಮನೆ ತರಿಸುವಂತಿಲ್ಲ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಹೊರದೇಶದ ಬೀಜಕ್ಕೂ ಕಡ್ಡಿಗೂ ಮೊದಲು ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮೇಲೆ ಹೇಳಿದ ಹಿಟ್ಟು ತಿಗಣೆಗಳ ಕಥೆ ಓದಿದವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿಯೇ ಗಿಡವಿರುವವರಿಂದ ಬೀಜ ಪಡೆಯುವುದು ಸರಿಯಾದ ದಾರಿ. ಬೀಜ ಕೇಳಿ ನನ್ನಲ್ಲಿಗೆ ಬರುವವರನ್ನು ನಾನು ಮೊದಲು ಕೇಳುವುದು, ನಿಮ್ಮ ಹೊಲದ ಪಕ್ಕ ಕುರಿ ಹಾಯುತ್ತವೆಯೇ ಎಂದು; ಹಾಯುತ್ತವೆ ಎಂದರೆ ಚಹಾ ಕುಡಿಸಿ ಬೇವಿನ ಸಸಿ ಕೊಟ್ಟು ಕಳುಹಿಸುತ್ತೇನೆ.